ಕಮ್ಮಾರನಿಗೆ ಸಿಕ್ಕ ಆಕಾಶದ ಕಬ್ಬಿಣ

ಸಾಯುವ ಹಿಂದಿನ ದಿನ ನನ್ನ ಗಂಡ ಕಾಸಿಯಾನೊ ಬೇಲಿಗೆ ಗುಂಡಿ ತೋಡುವಾಗ ಒಂದು ಕಬ್ಬಿಣದ ಗಟ್ಟಿ ಸಿಕ್ಕಿತು. "ಆಕಾಶದಿಂದ ಬಿದ್ದದ್ದು ಕಣೇ," ಅಂದ. ನಮ್ಮ ಚಾಕೊ ಬಯಲಲ್ಲಿ ಅಂಥವು ಸಿಗುತ್ತವೆ. ಆದರೆ ಅವನು ಕಮ್ಮಾರ. ಮರುದಿನ ಅವನ ಎದೆಬಡಿತ ನಿಂತಿತು. ಮಣ್ಣು ಮಾಡಿದ ದಿನವೇ ಪಕ್ಕದ ಮನೆಯ ಬೆನಿಗ್ನಾ, "ಆಕಾಶದ್ದು ಅಂತ ಮಾರೋಕೆ ತಾನೇ ಎರಕ ಹೊಯ್ದು ಹೂತಿಟ್ಟಿದ್ದ, ಕಳ್ಳ," ಎಂದಳು.

ಗಟ್ಟಿಯ ಸುದ್ದಿ ಕೇಳಿ ವಿಶ್ವವಿದ್ಯಾಲಯದಿಂದ ಒಬ್ಬ ಮೇಷ್ಟ್ರು ಬಂದರು. ಅವರನ್ನೂ ನಾನು ನಂಬಲಿಲ್ಲ. ಗಟ್ಟಿಯ ಮೂಲೆ ಕೊಯ್ದು, ನುಣ್ಣಗೆ ಉಜ್ಜಿ, ಆಸಿಡ್ ಸವರಿದರು. ಒಂದಕ್ಕೊಂದು ಅಡ್ಡಹಾಯುವ ಗೆರೆಗಳು ಎದ್ದವು.

"ಸ್ವಾಮಿ, ನಿಮ್ಮ ಆಸಿಡ್ಡೇ ಗೀಚಿದ್ದು. ಇದಕ್ಕೂ ಹಚ್ಚಿ, ನೋಡೋಣ," ಎಂದು ಗಂಡ ಬಡಿದಿದ್ದ ನೇಗಿಲ ಗುಳ ಕೊಟ್ಟೆ. ಅದು ಬರೀ ಕಪ್ಪಾಯಿತು.

"ನೋಡಮ್ಮಾ, ಆ ಗೆರೆ ಮೂಡಬೇಕಾದ್ರೆ ಕಾದ ಕಬ್ಬಿಣ ಒಂದು ಡಿಗ್ರಿ ಆರೋಕೆ ಸಾವಿರಾರು ವರ್ಷ ಹಿಡೀಬೇಕು. ಭೂಮಿ ಹುಟ್ಟೋ ಕಾಲದಲ್ಲಿ ಒಂದು ಪುಟ್ಟ ಲೋಕ ಇತ್ತು. ಅದರ ಹೊಟ್ಟೇಲಿ, ಕಲ್ಲಿನ ಹೊದಿಕೆ ಕೆಳಗೆ, ಇದು ಹಂಗೆ ಆರ್ತು. ಆಮೇಲೆ ಆ ಲೋಕಾನೇ ಒಡೆದುಹೋಯ್ತು. ಅದರ ಚೂರೇ ಇಲ್ಲಿ ಬಿದ್ದಿದ್ದು."

"ಕಮ್ಮಾರ ಮಾಡೋಕಾಗತ್ತಾ?"

"ಯಾವ ಕಮ್ಮಾರನಿಗೂ ಅಷ್ಟು ಆಯಸ್ಸಿಲ್ಲ."

"ಹಂಗಾದ್ರೆ ಬನ್ನಿ, ಇದನ್ನ ಬೆನಿಗ್ನಾ ಮುಂದೆ ಹೇಳಿ."

ಹೇಳಿದರು. ಅವಳು ಬಾಗಿಲು ಹಾಕಿಕೊಂಡಳು.

ದಿನಾ ಬೆಳಿಗ್ಗೆ ಜಗಲಿಯಲ್ಲಿ, ಅವಳ ಕಿಟಕಿಗೆ ಕಾಣುವ ಹಾಗೆ ಕೂತು, ತುಕ್ಕು ಹಿಡಿಯದಂತೆ ಆ ಗಟ್ಟಿಗೆ ಎಣ್ಣೆ ಸವರುತ್ತೇನೆ.