ಮನೆ ತುಂಬ ಬಟ್ಟೆ, ಹಳೇ ಅರಿವಿ ಒಂದೂ ಇಲ್ಲ

ಗದಗಿನ ಪೇಟೆಯಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲು, ಸೀರೆಯೊಳಗೆ ಉಡುವ ಪರಕಾರ ಇಷ್ಟೇ ನಮ್ಮ ವ್ಯಾಪಾರ. ಗಿರಾಕಿ ಸೀರೆ ಹಿಡಿದು ಮೆಟ್ಟಿಲು ಹತ್ತುವಾಗಲೇ ಯಾವ ಥಾನು ಇಳಿಸಬೇಕೆಂದು ನನ್ನ ಕೈಗೆ ಗೊತ್ತಾಗಿರುತ್ತದೆ. ಬಟ್ಟೆಯ ವಿಷಯದಲ್ಲಿ ಯಾರೂ ನನಗೆ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಅದು ಇಳಿದದ್ದು ನನ್ನ ಮಗಳು ಎರಡನೆಯ ಹೆರಿಗೆಗೆ ಮನೆಗೆ ಬಂದಾಗ.

ಮೊದಲನೆಯ ಸಲ ಕೂಸು ಉಳಿಯಲಿಲ್ಲ. ತಿಂಗಳು ತುಂಬಿದ ಮೇಲೆ ಹೊಟ್ಟೆಯಲ್ಲೇ ಹೋಗಿತ್ತು. ಆಗ ಅವಳು ಮೊಬೈಲಿನಲ್ಲಿ ನೋಡಿ ನೋಡಿ ಆನೆ ಚಿತ್ರದ ಅಂಗಿ, ಕಿವಿ ಇರುವ ಟೋಪಿ, ಬೆರಳಿನಷ್ಟು ಕಾಲುಚೀಲ ಎಲ್ಲವನ್ನೂ ಮೊದಲೇ ತರಿಸಿಟ್ಟುಕೊಂಡಿದ್ದಳು. ಈ ಸಲ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು.

"ಮಮ್ಮಿ, ಕೂಸಿಗೆ ಒಂದೂ ಹೊಸಾದು ತರಬ್ಯಾಡ. ಒಂದ ಪಿನ್ ಸೈತ ತರಬ್ಯಾಡ. ಮುಂಡರಗಿ ಅಜ್ಜಿ ಹೇಳ್ತಿದ್ಲಲ್ಲ, ಹಳೇ ಅರಿವಿ, ಬೇಡಿ ತಂದಿದ್ದು. ಅದನ್ನ ಸುತ್ತೂಣು."

ಅವಳು ಹುಬ್ಬಳ್ಳಿಯ ಕಾಲೇಜಿನಲ್ಲಿ ವಿಜ್ಞಾನ ಕಲಿಸುವವಳು. ಬೇರೆ ಹೊತ್ತಿನಲ್ಲಾಗಿದ್ದರೆ ನಾನು ಚೇಷ್ಟೆ ಮಾಡುತ್ತಿದ್ದೆ. ಅವಳ ಮುಖ ನೋಡಿ ಬ್ಯಾಗು ಎತ್ತಿ ಒಳಗಿಟ್ಟೆ. ಅವಳಿಗೆ ಬಹಳ ಹೆದರಿಕೆಯಾಗಿತ್ತು. ನನಗೂ ಆಗಿತ್ತು, ಆದರೆ ತಾಯಿಯಾದವಳು ಅದನ್ನು ತೋರಿಸುವ ಹಾಗಿಲ್ಲ.

ಪದ್ಧತಿ ನನಗೆ ಗೊತ್ತಿದ್ದದ್ದೇ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೆಸರಿಡುವ ತನಕ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ಹತ್ತಿಯ ಅರಿವಿಯೇ ಆಗಬೇಕು. ಒಂದು ಕೂಸು ಕಳೆದುಕೊಂಡ ಮನೆಯಲ್ಲಾದರೆ ಮೊದಲು ಸುತ್ತುವ ಅರಿವಿಯನ್ನು ಬಾಳಿ ಬದುಕಿದ ಹಿರಿಯರ ಹತ್ತಿರ, ಬೇರೆಯವರ ಮನೆಯಲ್ಲಿ, ಬೇಡಿ ತರಬೇಕು. ಲಂಗೋಟಿಗೆ, ಹಾಸುವುದಕ್ಕೆ ಮನೆಯದೇ ನಡೆಯುತ್ತದೆ. ಬೇಡುವುದು ಆಮೇಲೆ ನೋಡೋಣ, ಮೊದಲು ಮನೆಯದು ತೆಗೆದಿಡೋಣ ಎಂದು ಕಪಾಟು ತೆರೆದೆ.

ತೆರೆದರೆ ಬಟ್ಟೆ ಮೈಮೇಲೆ ಬಿತ್ತು. ಅಷ್ಟು ತುಂಬಿತ್ತು. ಮಗಳು ಮಂಚದ ಮೇಲೆ ಕೂತಳು, ನಾನು ಒಂದೊಂದೇ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಹಿಚುಕಿ ನೋಡಿ ಆಚೆಗೆ ಹಾಕುತ್ತಿದ್ದಳು. ಹಸಿರು ಸೀರೆ ಹತ್ತಿಯದು ಎಂದು ನಾನು, ಅಲ್ಲ ಎಂದು ಅವಳು. ಕಡೆಗೆ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಗ್ಯಾಸಿನ ಉರಿಗೆ ಹಿಡಿದೆವು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಇದು ಮುದುರಿ ಮುದುರಿ ಸಾಸಿವೆಯಂಥ ಕಪ್ಪು ಗುಂಡಾಗಿ ಕೂತಿತು. ಆ ಗುಂಡನ್ನು ಉಗುರಿನಿಂದ ಒತ್ತಿದರೂ ಒಡೆಯಲಿಲ್ಲ. ನನಗೆ ಅದೊಂದು ಹುಚ್ಚೇ ಹಿಡಿಯಿತು. ಕಪಾಟಿನಲ್ಲಿದ್ದ ಒಂದೊಂದರದೂ ಎಳೆ ಕಿತ್ತು ಸುಟ್ಟೆ. ನಮ್ಮ ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದವರು ಒಲೆಯ ಮುಂದೆ ತಾಯಿ ಮಗಳು ಸೀರೆಗಳನ್ನು ಹರವಿಕೊಂಡು ನಿಂತದ್ದನ್ನು ಕಂಡು, "ಅಡಗಿ ಏನ ಐತಿ ಇವತ್ತ, ಸೀರಿ ಪಲ್ಯಾ?" ಎಂದರು.

ಒಲೆಕಟ್ಟೆಯ ಮೇಲೆ ಕಪ್ಪು ಗುಂಡುಗಳೇ ಗುಂಡುಗಳು. ಬೂದಿಯಾದದ್ದು ಅವರ ಒಂದು ಬನಿಯನ್ನಿನ ಎಳೆ ಮಾತ್ರ, ಆ ಬನಿಯನ್ನೂ ಹೊಸದು. ಇಷ್ಟು ಬಟ್ಟೆಯ ನಡುವೆ ಒಂದು ಕೂಸನ್ನು ಒರೆಸುವಷ್ಟು ಹಳೆಯ ಅರಿವಿ ಇರಲಿಲ್ಲ. ನನಗೆ ಇದು ಬಿಡಿಸಲಾಗದ ಗಂಟಾಗಿ ಕಂಡಿತು. ಮುಂಡರಗಿಯಲ್ಲಿರುವ ಅವ್ವನಿಗೆ ಫೋನು ಮಾಡಿದೆ.

"ಅವ್ವಾ, ನಿನ್ನ ಹಂತ್ಯಾಕ ಹಳೇ ಸೀರಿ ಅದಾವೇನು?"

"ನನ್ನವು ಎಲ್ಲಾ ಕೌದಿ ಆಗ್ಯಾವ. ಈಗ ಉಡೂವು ನೀವ ಕೊಡಿಸಿದ್ವು, ಮಿಂಚೂವು. ಕುಂತ್ರ ಜಾರತಾವ."

"ಹಂಗಾರ ಹಳೇವು ಎಲ್ಲಿ ಹೋದೂವ?"

"ಈಗಿನ ಅರಿವಿ ಹಳೇವು ಎಲ್ಲಿ ಆಗ್ತಾವ ತಂಗಿ? ಹಾಳಾಗ್ತಾವ ಅಷ್ಟ."

ಫೋನು ಇಟ್ಟ ಮೇಲೂ ಆ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಹಳೆಯದಾಗುವುದು ಬೇರೆ, ಹಾಳಾಗುವುದು ಬೇರೆ. ನಾನು ಇಷ್ಟು ವರ್ಷ ಎರಡನ್ನೂ ಒಂದೇ ಎಂದುಕೊಂಡಿದ್ದೆ. ನಮ್ಮ ಬಟ್ಟೆ ಬಣ್ಣ ಬಿಡುವುದಿಲ್ಲ, ಸವೆಯುವುದಿಲ್ಲ, ಬರೀ ಜುಂಗು ಏಳುತ್ತದೆ, ಹೊಲಿಗೆ ಬಿಚ್ಚುತ್ತದೆ, ನಮಗೆ ಬೇಸರ ಬರುತ್ತದೆ. ಬೇಸರ ಬಂದದ್ದನ್ನು ಕಟ್ಟಿ ಭಾಂಡೆಯವಳಿಗೆ ಹಾಕುತ್ತೇವೆ.

ಭಾಂಡೆಯವಳೆಂದರೆ ತಲೆಯ ಮೇಲೆ ಸ್ಟೀಲಿನ ಪಾತ್ರೆಯ ಬುಟ್ಟಿ ಹೊತ್ತು ಓಣಿ ಓಣಿ ತಿರುಗುವ ಹೆಂಗಸು. ಹಳೆಯ ಬಟ್ಟೆ ಕೊಟ್ಟರೆ ಡಬ್ಬಿಯನ್ನೋ ತಾಟನ್ನೋ ಕೊಡುತ್ತಾಳೆ. ನಮ್ಮ ಅತ್ತೆಯ ಸೀರೆಗಳೂ ಹಾಗೆಯೇ ಹೋಗಿ, ಈಗ ಅಡುಗೆ ಮನೆಯಲ್ಲಿ ಅವಲಕ್ಕಿ ಡಬ್ಬಿಯಾಗಿ ಕೂತಿವೆ. ಆ ವಾರ ಅವಳು ಬಂದಾಗ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು ಕೇಳಿದೆ.

"ನಿನ್ನ ಗಂಟನ್ಯಾಗ ಹತ್ತಿ ಅರಿವಿ ಇದ್ರ ತೋರಸಬೇ, ಈ ಸಲ ನಾನ ಭಾಂಡೆ ಕೊಡ್ತೇನಿ."

ಅವಳು ನಗುತ್ತಲೇ ಗಂಟು ಬಿಚ್ಚಿದಳು. ಎಲ್ಲ ಮಿಂಚುವ ಸರಕು. "ಕಾಟನ್ ಬರೂದ ಇಲ್ರೀ ಅಕ್ಕಾರ. ಬಂದ್ರ ಗ್ಯಾರೇಜಿನವ್ರು ಒರಸಾಕ ಬೇಕಂತ ಕಸಗೊಂಡು ಹೋಗ್ತಾರ. ಇವು ಎಣ್ಣಿ ಹೀರೂದಿಲ್ಲ, ನೀರ ಹೀರೂದಿಲ್ಲ. ಇನ್ನ ಮುಂದ ಇಂಥಾವಕ್ಕ ನಾನೂ ಭಾಂಡೆ ಕೊಡೂದ ಬಿಡ್ತೇನ್ರಿ."

"ಮತ್ತ ಯಾರೂ ಒಯ್ಯದಿದ್ರ ಇವು ಎಲ್ಲಿಗೆ ಹೋಗ್ತಾವ?"

"ಎಲ್ಲಿಗೆ ಹೋಗ್ತಾವ್ರಿ, ತಿಪ್ಪಿಗೆ. ಅಲ್ಲೂ ಕೊಳ್ಯೂದಿಲ್ಲ."

ಅವಳು ಬುಟ್ಟಿ ಹೊತ್ತು ಹೋದಳು. ಗಂಟಿನ ಮೇಲಿದ್ದ ಗುಲಾಬಿ ಬ್ಲೌಸು ನನ್ನ ಅಂಗಡಿಯ ಪೀಸೇ, ನಾನೇ ಕತ್ತರಿಸಿ ಕೊಟ್ಟದ್ದು. ಮರುದಿನ ಬೆಟಗೇರಿಯಲ್ಲಿ ಮಗ್ಗ ಇಟ್ಟುಕೊಂಡಿರುವ ನಮ್ಮ ಹಳೆಯ ಪರಿಚಯದವರ ಮನೆಗೆ ಹೋದೆ. ನೇಯುವವರ ಮನೆಯಲ್ಲಾದರೂ ಇರಬೇಕಲ್ಲ. ಆ ಮನೆಯ ಸೊಸೆ ಹೂವಿನ ನೈಟಿ ತೊಟ್ಟು ಬಾಗಿಲಿಗೆ ಬಂದಳು. "ನಾವು ನೇಯ್ದದ್ದು ನಾವ ಉಟ್ರ ಮಾರೂದೇನ್ರಿ?" ಎಂದಳು. ಮಾತು ಖರೆ, ನಾನೂ ಅಂಗಡಿಯವಳೇ ತಾನೆ.

ದಿನ ಹತ್ತಿರ ಬರುತ್ತಿತ್ತು. ಮಗಳು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನಾನು ಹೊರಗಿನಿಂದ ಬಂದಾಗ ನನ್ನ ಕೈ ನೋಡಿ ಮತ್ತೆ ಕಿಟಕಿಯ ಕಡೆ ತಿರುಗುತ್ತಿದ್ದಳು, ಅಷ್ಟೇ. ಆಗ ನೆನಪಾದವಳು ಶಿರಹಟ್ಟಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತ ಗೆಳತಿ. ಅವಳನ್ನು ಲಕ್ಷ್ಮೇಶ್ವರಕ್ಕೆ, ಹತ್ತಿ ಪಿಂಜಿ ಗಾದಿ ಹೊಲಿಯುವ ಮನೆತನಕ್ಕೆ ಕೊಟ್ಟಿದ್ದರು. ಅವಳ ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ, ಮೊಮ್ಮಕ್ಕಳ ಮಕ್ಕಳನ್ನು ಎತ್ತಿ ಆಡಿಸುತ್ತಾರೆ ಎಂದು ಕೇಳಿದ್ದೆ. ಫೋನಿನಲ್ಲಿ ವಿಷಯ ಹೇಳಿದೆ. "ಬಾ, ಆದ್ರ ನಮ್ಮತ್ತಿ ಹಂತ್ಯಾಕ ಅಂಗಡಿ ಬುದ್ಧಿ ತೋರಸಬ್ಯಾಡಲೇ," ಎಂದು ಎಚ್ಚರಿಕೆ ಕೊಟ್ಟಳು. ಅದೇನೆಂದು ನನಗೆ ಆಗ ತಿಳಿಯಲಿಲ್ಲ. ಮುದುಕಿಗೆಂದು ಒಂದು ಒಳ್ಳೆಯ ಹತ್ತಿಯ ಸೀರೆ ಕೊಂಡು, ಶಿರಹಟ್ಟಿ ಮೇಲೆ ಹಾಯುವ ಬಸ್ಸು ಹತ್ತಿದೆ.

ಗಾದಿ ಅಂಗಡಿಯ ಹಿಂದೆ ಹಿತ್ತಲು. ಅಲ್ಲಿ ಆ ಅಜ್ಜಿ ಹಳೆಯ ಗಾದಿಯ ಹತ್ತಿಯ ಗಂಟುಗಳನ್ನು ಕೈಯಿಂದಲೇ ಬಿಡಿಸುತ್ತ ಕೂತಿದ್ದರು. ಉಟ್ಟದ್ದೊಂದು ಸೀರೆ, ಹಗ್ಗದ ಮೇಲೆ ಒಣಗುತ್ತಿದ್ದದ್ದು ಇನ್ನೊಂದು. ಮೂರನೆಯದು ಇಟ್ಟುಕೊಂಡವರಲ್ಲವಂತೆ. ಹಗ್ಗದ ಮೇಲಿದ್ದದ್ದು ಒಂದು ಕಾಲಕ್ಕೆ ನೀಲಿಯಾಗಿದ್ದಿರಬೇಕು. ನಡುವೆ ಸವೆದ ಭಾಗವನ್ನು ಕತ್ತರಿಸಿ ತೆಗೆದು, ಗಟ್ಟಿ ಇದ್ದ ಎರಡು ತುದಿಗಳನ್ನು ಕೂಡಿಸಿ ಹೊಲಿದಿದ್ದರು. ನಾನು ಮುಟ್ಟಿ ನೋಡಿದೆ. ದಿನಾ ಥಾನು ಮುಟ್ಟುವ ನನ್ನ ಕೈಗೆ ಅದು ಯಾವ ಬಟ್ಟೆಯೆಂದು ತಿಳಿಯಲಿಲ್ಲ. ಇಂಥ ಮೆದು ಯಾವ ಮಿಲ್ಲಿನಿಂದಲೂ ನನ್ನ ಅಂಗಡಿಗೆ ಬಂದದ್ದಿಲ್ಲ.

ನಾನು ಹೊಸ ಸೀರೆಯ ಪೊಟ್ಟಣ ಅವರ ಮುಂದಿಟ್ಟೆ. "ಇದು ನಿಮಗ ತಂದೀನ್ರಿ ಅಜ್ಜಿ. ಇದನ್ನ ಇಟಗೊಂಡು ಆ ಹಗ್ಗದ ಮ್ಯಾಲಿಂದು ನನಗ ಕೊಡ್ರಿ."

ಅವರು ಪೊಟ್ಟಣವನ್ನು ಮುಟ್ಟಲಿಲ್ಲ. "ಇದು ಬದಲಿ ಆತಲ್ಲ ಬೇಟಿ. ಭಾಂಡೇದಾಕಿನೂ ಹಿಂಗ ಮಾಡ್ತಾಳ. ಬೇಡಾಕ ಬಂದೀದಿ, ಬೇಡು."

ಗೆಳತಿ ಮರೆಯಲ್ಲಿ ನಿಂತು ನಗು ನುಂಗುತ್ತಿದ್ದಳು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಹುಟ್ಟಿದಾಗಿನಿಂದ ಕೊಟ್ಟು ತಗೊಂಡು ಗೊತ್ತೇ ಹೊರತು, ಬರಿಗೈಯಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ ನಾನು. ಪೊಟ್ಟಣವನ್ನು ನನ್ನ ಕಡೆಗೆ ಎಳೆದುಕೊಂಡೆ. ಆಗ ಅಜ್ಜಿ ಹತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು.

"ಮೊದಲಿಂದು ಗಂಡೋ, ಹೆಣ್ಣೋ?"

ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ಆದದ್ದಾಯಿತು, ಮರೆತುಬಿಡು ಎಂದು ಎಲ್ಲರೂ ಹೇಳಿದ್ದರು. ನಾವೂ ಮನೆಯಲ್ಲಿ ಆ ಮಾತು ಎತ್ತುತ್ತಿರಲಿಲ್ಲ. "ಹೆಣ್ಣು," ಎಂದೆ. ಎಂದವಳೇ ಅತ್ತುಬಿಟ್ಟೆ. ಅಳುತ್ತಲೇ ಸೆರಗು ಹಿಡಿದು ಉಡಿ ಒಡ್ಡಿದೆ. "ನನ್ನ ಮಗಳ ಕೂಸಿಗೆ ಒಂದ ಅರಿವಿ ಕೊಡ್ರಿ," ಎಂದು ಕೇಳಿದೆ.

ಅವರು ಗೋಡೆ ಹಿಡಿದು ಎದ್ದು, ಹಗ್ಗದಿಂದ ಸೀರೆ ಜಗ್ಗಿ, ಮಡಿಸಿ ನನ್ನ ಉಡಿಗೆ ಹಾಕಿದರು. ನಿಮಗೆ ಉಡುವುದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅದು ನನ್ನ ಚಿಂತಿ. ನೀ ತಂದಿದ್ದು ನೀ ಒಯ್ಯಿ. ಕೂಸಿನ ಎತಗೊಂಡು ಬರತೀಯಲ್ಲ, ಆವಾಗ ತಾ. ಅಲ್ಲೀತನಾ ಬ್ಯಾಡ," ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಸೀರೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅದರಲ್ಲಿ ಬಿಸಿಲಿನ ಮತ್ತು ಬಾರ್ ಸೋಪಿನ ವಾಸನೆ ಇತ್ತು.

ಮಗಳು ಅದನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಅವ್ವ ಮುಂಡರಗಿಯಿಂದ ಬಂದಳು. ನಾನು ಕತ್ತರಿ ತಂದರೆ ಬೇಡವೆಂದು, ಹಲ್ಲಿನಿಂದ ಅಂಚು ಕಚ್ಚಿ ಎಳೆ ಹಿಡಿದು ನೇರಕ್ಕೆ ಹರಿದಳು. ಸೆರಗಿನ ಕಡೆಯದು ಸುತ್ತುವುದಕ್ಕೆ, ಅದರಾಚೆಯದು ಅಂಗಿಗೆ, ತೆಳ್ಳಗಾದದ್ದು ಲಂಗೋಟಿಗೆ, ಅಂಚಿನ ಪಟ್ಟಿ ಅಂಗಿಗೆ ಕಟ್ಟುವ ಕಸೆಗೆ. ಅವಳು ಹೊಲಿದ ಅಂಗಿಯನ್ನು ನೋಡಿ ಉಲ್ಟಾ ಹೊಲಿದಿದ್ದಾಳೆ ಎಂದುಕೊಂಡೆ. ಹೊಲಿಗೆಯ ಅಂಚೆಲ್ಲ ಹೊರಗೆ ಕಾಣುತ್ತಿತ್ತು.

"ಕೂಸಿನ ಮೈಗೆ ಒತ್ತಬಾರದಲ್ಲ," ಎಂದಳು ಅವ್ವ. "ಚಂದ ನೋಡೋರಿಗೆ, ಮೆದು ಕೂಸಿಗೆ." ಬಗಲಿನಲ್ಲಿ ಎರಡು ಮಡಿಕೆ ಒಳಗೆ ಬಿಟ್ಟಿದ್ದಳು, ಕೂಸು ದೊಡ್ಡದಾದಂತೆ ಬಿಚ್ಚುವುದಕ್ಕೆ. ಹೊಲಿದು ಮುಗಿದಾಗ ನೆಲದ ಮೇಲೆ ಒಂದು ಚಿಂದಿಯೂ ಉಳಿದಿರಲಿಲ್ಲ. ನಮ್ಮ ಅಂಗಡಿಯ ಪಕ್ಕದ ಟೇಲರ್ ದಿನಾ ಸಂಜೆ ಚೀಲ ತುಂಬ ಚಿಂದಿ ಹೊರಗಿಡುತ್ತಾನೆ.

ಆಮೇಲೆ ಅಂಗಡಿಯಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಬ್ಲೌಸ್ ಪೀಸು ಕೊಡುವಾಗ, ಒಳಗೆ ಮಾರ್ಜಿನ್ ಜಾಸ್ತಿ ಬಿಡಿಸಿಕೊಳ್ಳಿರಿ, ದಪ್ಪಗಾದರೆ ಬಿಚ್ಚಲು ಬರುತ್ತದೆ ಎಂದು ಹೇಳತೊಡಗಿದೆ. ಇದೇ ಬಣ್ಣದ್ದು ಮನೆಯಲ್ಲಿ ಇದೆಯೇನು, ನೋಡಿಕೊಂಡು ಬನ್ನಿರಿ ಎಂದೂ ಒಬ್ಬಳನ್ನು ವಾಪಸ್ ಕಳಿಸಿದೆ. ಹತ್ತಿಯ ಲೈನಿಂಗಿನ ಥಾನನ್ನು ಮುಂದಿನ ಸಾಲಿಗೆ ತಂದೆ. "ನಿನ್ನ ಮಾತ ಹಿಂಗ ನಡದ್ರ ಅಂಗಡಿಗೆ ಕೀಲಿ ಹಾಕೂದ," ಎಂದರು ಯಜಮಾನರು. ಕೀಲಿ ಬೀಳಲಿಲ್ಲ. ನಾನು ವಾಪಸ್ ಕಳಿಸಿದವಳೇ ಮರುದಿನ ಅಕ್ಕನನ್ನೂ ಕರೆದುಕೊಂಡು ಬಂದಳು. ಅದೇಕೆ ಬಂದಳೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಮಗಳಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಅದೇ ಆಸ್ಪತ್ರೆ, ಅದೇ ಬಾಗಿಲು, ಅದೇ ಬೆಂಚು. ಅರಿವಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವ್ವ ಏನೋ ಮಾತಾಡುತ್ತಿದ್ದಳು, ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಓದಿದೆ. ಮತ್ತೆ ಮೊದಲಿನಿಂದ ಓದಿದೆ. ಒಳಗೆ ಯಾರದೋ ಚಪ್ಪಲಿಯ ಸಪ್ಪಳ ಜೋರಾಯಿತು, ಆಮೇಲೆ ನಿಂತುಹೋಯಿತು. ಅಂಥ ಮೌನ ನನಗೆ ಗೊತ್ತಿತ್ತು. ಅವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಬಾಗಿಲು ತೆರೆಯಿತು. ನರ್ಸು ಅರ್ಧ ಮೈ ಹೊರಗೆ ಹಾಕಿ, "ಮೆತ್ತನ್ನ ಹಳೇ ಅರಿವಿ ತಂದೀರೇನ್ರಿ? ಜಲ್ದಿ ಕೊಡ್ರಿ," ಎಂದಳು.

ಗಂಟನ್ನು ಅವ್ವನ ಕಡೆ ಚಾಚಿದೆ. ಅವ್ವ ಬಿಚ್ಚಿ ಕೊಟ್ಟಳು. ಗಂಡೋ ಹೆಣ್ಣೋ, ಮಗಳು ಹೇಗಿದ್ದಾಳೆ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಹೋದ ಸಲವೂ ನಾನು ಇಲ್ಲಿಯೇ ಕೂತಿದ್ದೆ. ಆಗ ಅರಿವಿ ಕೊಡಿರೆಂದು ಯಾರೂ ಹೊರಗೆ ಬಂದಿರಲಿಲ್ಲ.