ದೊಡ್ಡ ಸಿಸ್ಟರ್ ಬರೆಸಿದ ಚೀಟಿಗಳು

ನಮ್ಮ ದೊಡ್ಡ ಸಿಸ್ಟರ್ ಎದೆಯ ಮೇಲೆ ಪಿನ್ನಿಗೆ ತೂಗುತ್ತಿದ್ದ ಪುಟ್ಟ ಗಡಿಯಾರ ಯಾವಾಗಲೂ ತಲೆಕೆಳಗಾಗಿಯೇ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ನಾನು, ತಪ್ಪಾಗಿ ಹಾಕಿಕೊಂಡಿದ್ದಾರೆಂದು ಹೇಳಿಯೂ ಬಿಟ್ಟಿದ್ದೆ. ಅವರು ಎರಡು ಬೆರಳಲ್ಲಿ ಅದನ್ನೆತ್ತಿ ನೋಡಿಕೊಂಡು, "ಟೈಮು ನನಗ ಕಾಣಬೇಕು ತಂಗಿ, ನಿನಗಲ್ಲ" ಅಂದರು. ಭಾಲ್ಕಿಯಿಂದ ಬಂದ ಈ ಹುಡುಗಿಯ ಬಾಯಿ ಎಷ್ಟು ಚುರುಕು ಎಂಬುದು ಅವರಿಗೆ ಅವತ್ತೇ ಗೊತ್ತಾಗಿರಬೇಕು.

ಬೀದರಿನಿಂದ ಔರಾದ ಕಡೆಯ ಒಂದು ದವಾಖಾನೆಗೆ ದೊಡ್ಡ ಸಿಸ್ಟರೂ ಸೇರಿ ನಾವು ಆರು ಜನ ನರ್ಸುಗಳು ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಎದುರಿಗಿಲ್ಲದವರ ಸುದ್ದಿ ತೆಗೆಯದೆ ಆ ದಾರಿ ಸಾಗುತ್ತಿರಲಿಲ್ಲ. ಆದರೆ ದೊಡ್ಡ ಸಿಸ್ಟರ್ ಜೊತೆಗಿದ್ದರೆ ಫಜೀತಿ. ಯಾರದಾದರೂ ಹೆಸರು ಬಂತೆಂದರೆ ಫೋನು ತೆಗೆದು ಅವರಿಗೇ ಹಚ್ಚಿ, ಸ್ಪೀಕರ್ ಹಾಕಿ, "ಇಲ್ಲಿ ನಿಮ್ಮ ಸುದ್ದಿ ನಡದದರಿ, ನೀವೂ ಕೇಳ್ರಿ" ಅನ್ನುತ್ತಿದ್ದರು. ಒಮ್ಮೆ ಸ್ಟೋರಿನ ಕ್ಲಾರ್ಕನ ವಿಷಯ ತೆಗೆದಿದ್ದ ನಾನು, ಆತನ ಧ್ವನಿ ಕೇಳಿದ್ದೇ "ನಮಸ್ಕಾರ್ರಿ ಸರ್, ಆರಾಮ ಅದೀರಿಲ್ರಿ?" ಎಂದು, ಇಳಿಯುವ ತನಕ ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೂತೆ.

ವಾರ್ಡಿನಲ್ಲೂ ಅದೇ ಪಾಠ. ಡ್ಯೂಟಿ ಮುಗಿಸುವಾಗ ಮುಂದಿನವರಿಗಾಗಿ ಬರೆದಿಡುವ ರಿಜಿಸ್ಟರಿನಲ್ಲಿ "ರೋಗಿ ಊಟ ಮಾಡಿದ್ದಾರೆ" ಎಂದಿದ್ದರೆ, "ನೀ ನೋಡೀಯೋ, ಅವರ ಮಗಳು ಹೇಳಿದ್ಳೋ?" ಎಂದು ಹಿಡಿಯುತ್ತಿದ್ದರು. "ಕಂಡದ್ದಷ್ಟೇ ಬರಿ ತಂಗಿ. ಕೇಳಿದ್ದಿದ್ರ ಯಾರಿಂದ ಕೇಳಿದಿ, ಅದೂ ಬರಿ."

ಅವರು ರಜೆಯಲ್ಲಿದ್ದ ಒಂದು ವಾರ ನಾನು ಎಡವಿದೆ. ನಮ್ಮೊಳಗೇ ಗುತ್ತಿಗೆಯ ಮೇಲಿದ್ದ ಗೆಳತಿಯೊಬ್ಬಳು ಸಾಲಾಗಿ ಮೂರು ಸಂಜೆ ಬೀದರಿಗೆ ಬರದೆ, ಕುಶನೂರ ಕಡೆ ತಿರುಗುವ ಕ್ರಾಸಿನಲ್ಲಿ ಬಿಳಿ ಡ್ರೆಸ್ಸಿನಲ್ಲೇ ಇಳಿದಳು. "ಅಲ್ಲೊಂದು ಖಾಸಗಿ ದವಾಖಾನಿ ಅದಲ್ಲಾ?" ಎಂದೆ. ನಾನಂದದ್ದು ಅಷ್ಟೇ. ಮಿಕ್ಕದ್ದನ್ನು ಬಸ್ಸು ನೋಡಿಕೊಂಡಿತು. ಸೋಮವಾರದ ಹೊತ್ತಿಗೆ ಅವಳು ಸರ್ಕಾರಿ ಡ್ಯೂಟಿ ಅರ್ಧಕ್ಕೆ ಬಿಟ್ಟು ಅಲ್ಲಿ ದುಡಿಯುತ್ತಾಳೆ ಎಂದಾಗಿ, ಅದು ಡಾಕ್ಟರ ಕಿವಿಗೂ ಬಿದ್ದು, ಅವಳ ಗುತ್ತಿಗೆ ಮುಂದುವರಿಸುವ ಕಾಗದ ಸಹಿಯಾಗದೆ ನಿಂತಿತು.

ಮರಳಿ ಬಂದ ದೊಡ್ಡ ಸಿಸ್ಟರ್ ಯಾರನ್ನೂ ಬೈಯಲಿಲ್ಲ. ಗೆಳತಿಯನ್ನು ಬಿಟ್ಟು ಉಳಿದ ನಮ್ಮ ನಾಲ್ವರಿಗೂ ಒಂದೊಂದು ಚೀಟಿ ಕೊಟ್ಟು, "ರಿಜಿಸ್ಟರ್ ಬರದಂಗೇ ಬರೀರಿ. ಕಂಡದ್ದೇನು, ಕೇಳಿದ್ದೇನು, ಯಾರಿಂದ" ಅಂದರು. ಚೀಟಿಗಳನ್ನು ತಾವೊಬ್ಬರೇ ಓದಿ, ನನ್ನನ್ನು ಇಂಜೆಕ್ಷನ್ ಕೋಣೆಗೆ ಕರೆದು ಮುಂದಿಟ್ಟರು. ಒಬ್ಬಳು ಇನ್ನೊಬ್ಬಳ ಹೆಸರು ಬರೆದಿದ್ದಳು, ಅವಳು ಮತ್ತೊಬ್ಬಳದು, ಆ ಮತ್ತೊಬ್ಬಳು ನನ್ನದು. ನನ್ನ ಚೀಟಿಯಲ್ಲಿ ಒಂದೇ ಸಾಲಿತ್ತು: ಬಸ್ಸಿನಿಂದ ಇಳಿಯುವುದನ್ನು ಕಂಡೆ.

"ಬಸ್ ಇಳಿಯೂದು ತಪ್ಪೇನು ತಂಗಿ?"

ನಾನು ಅತ್ತುಬಿಟ್ಟೆ. ಅವರು ಡಬ್ಬಿಯಿಂದ ಒಂದು ತುಂಡು ಹತ್ತಿ ಹರಿದುಕೊಟ್ಟರು. "ಮಾರಿ ಒರಸ್ಕೋ. ಡಾಕ್ಟರಿಗಿ ಈಗೇ ಹೋಗಿ ಹೇಳು. ಆಕಿಗಿ ಹೇಳೂದು ನಿನಗ ಬಿಟ್ಟದ್ದು."

ಡಾಕ್ಟರಿಗೆ ಹೇಳಿದೆ, ಅವರು ನನಗೆ ಚೆನ್ನಾಗಿ ಬೈದು ಕಾಗದಕ್ಕೆ ಸಹಿ ಹಾಕಿದರು. ಆದರೆ ಗೆಳತಿಯ ಎದುರು ನಿಲ್ಲಲು ನಾಲ್ಕು ದಿನ ಬೇಕಾಯಿತು. ಹೇಳಿದಾಗ ಅವಳು ಮೊದಲು ಬೈದಳು, ಆಮೇಲೆ ಮೊಣಕಾಲಿನ ಪಟ್ಟಿ ತೋರಿಸಿದಳು. "ಮಾಮಾನ ಊರಾಗ ಸ್ಕೂಟಿ ಕಲೀಲಾಕ ಹೋಗ್ತಿದ್ದೆ. ಬೀದರದಾಗ ಬಿದ್ರ ನೀವೆಲ್ಲಾ ನೋಡಿ ನಗ್ತೀರಿ ಅಂತ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೋದ ವರ್ಷ ದೊಡ್ಡ ಸಿಸ್ಟರ್ ತೀರಿಕೊಂಡರು. ಆ ಸುದ್ದಿ ನನ್ನಿಂದ ಹುಟ್ಟಿತ್ತೆಂದು ಅವರ ಬಾಯಿಂದ ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಮಣ್ಣು ಮುಗಿಸಿ ಸ್ಮಶಾನದಿಂದ ಹೊರಬರುವಾಗ ಗೆಳತಿ ಹೇಳಿದಳು: "ಆವಾಗ ಕಾಗದಕ್ಕ ಸಹಿ ಆದ ದಿನಾನೇ, ಆ ಸುದ್ದಿ ಎಬ್ಬಿಸಿದವ್ರು ಯಾರಂತ ಸಿಸ್ಟರಿಗಿ ಕೇಳಿದ್ದೆ. ಹೆಸರು ಹೇಳಲಿಲ್ಲ. 'ಆಕಿನೇ ಬಂದು ಹೇಳ್ತಾಳ, ನಾ ಜಾಮೀನು' ಅಂದ್ರು."

ಆ ನಾಲ್ಕು ದಿನಗಳಲ್ಲಿ ಮೂರು ದಿನ, ಹೇಳದೆಯೇ ಇದ್ದುಬಿಡೋಣ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಅದನ್ನೂ ಅವಳಿಗೆ ಅಲ್ಲೇ, ಗೇಟಿನ ಹತ್ತಿರ ನಿಂತು ಹೇಳಿಬಿಟ್ಟೆ.