ಎಂಬತ್ನಾಲ್ಕು ಕುರ್ಚಿಗಳ ನಡುವೆ ನಿಂತ ವಿನೋದಾ

ಮಲಯ್ ನಾಡಿನ ಬುಕಿಟ್ ಕಬುತ್ ಬೆಟ್ಟದ ಮೇಲೆ ಬೆಳಗಾಗುತ್ತಿದೆ. ಹೊರಗೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಬಸ್ಸಿನಿಂದ ಇಳಿದವರು ಮುಂದಿನವರ ಬೆನ್ನು ನೋಡಿಕೊಂಡೇ ದಾರಿ ಹಿಡಿಯಬೇಕು. ಕ್ಯಾಸಿನೋದ ಒಳಗೆ ಮಾತ್ರ ಬೆಳಗೂ ಇಲ್ಲ, ಬೈಗೂ ಇಲ್ಲ, ಕಿಟಕಿಯೇ ಇಲ್ಲ. ವಿಡಿಯೋ ಪೋಕರ್ ಮೆಷಿನ್‌ಗಳ ಸಾಲಿನಲ್ಲಿ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬರು ಬಟ್ಟೆ ಹಿಡಿದು ನಿಂತಿದ್ದಾರೆ. ಮೊದಲು ಪರದೆ ಒರೆಸುತ್ತಾರೆ, ಆಮೇಲೆ ಅಂಚು, ಆಮೇಲೆ ಎಡದಿಂದ ಬಲಕ್ಕೆ ಬಟನ್‌ಗಳು. ಐದನೇ ಬಟನ್ ದಾಟಿದ ಕೂಡಲೇ ಬಟ್ಟೆ ಮೇಲಕ್ಕೇಳುತ್ತದೆ. ಬಲತುದಿಯ ದೊಡ್ಡ ಬಟನ್ನಿನ ಸುತ್ತ ಬರೀ ಬೆರಳ ತುದಿ ಓಡಾಡುತ್ತದೆ. ಕಡೆಗೆ ಕುರ್ಚಿ. ಮೆತ್ತನೆಯ, ಬೆನ್ನಿಗೆ ಆಸರೆಯಿರುವ, ಕೆಂಪು ಕುರ್ಚಿ.

ಇವರು ವಿನೋದಾ. ವಯಸ್ಸು ಐವತ್ತೆರಡು. ಹದಿಮೂರು ವರ್ಷದಿಂದ ಇದೇ ಸಾಲು. ಎಂಬತ್ನಾಲ್ಕು ಮೆಷಿನ್, ಎಂಬತ್ನಾಲ್ಕು ಕುರ್ಚಿ. ನಾಲ್ಕು ಗಂಟೆಗೆ ಪಾಳಿ ಶುರುವಾದರೆ ಮಧ್ಯಾಹ್ನ ಹನ್ನೆರಡರ ತನಕ ಒಂದೊಂದನ್ನೂ ಆರು ಸಲ ಒರೆಸುತ್ತಾರೆ. ಅಷ್ಟು ಕುರ್ಚಿಗಳಲ್ಲಿ ಒಂದರ ಮೇಲೂ ಅವರು ಕೂರುವಂತಿಲ್ಲ. ಕೆಟ್ಟು ನಿಂತ ಮೆಷಿನ್ನಿನ ಮುಂದಿನ ಕುರ್ಚಿಯ ಮೇಲೂ ಇಲ್ಲ. ಗೋಡೆಯ ಪಕ್ಕ ಒಂದು ಸ್ಟೂಲ್ ಹಾಕಿಕೊಡಿ ಎಂದು ಎರಡು ಸಲ ಕೇಳಿದ್ದಾರೆ. ಸಾವಿರ ಜನ ಹಿಡಿಸುವ ಹಾಲ್‌ನಲ್ಲಿ ಅದಕ್ಕೆ ಜಾಗವಿಲ್ಲ ಎಂದು ಸಫಾಯಿ ಗುತ್ತಿಗೆಯವರು ಉತ್ತರ ಕೊಟ್ಟಿದ್ದಾರೆ.

ಆಟವೇನೋ ಸರಳ. ದುಡ್ಡು ಹಾಕಿ ದೊಡ್ಡ ಬಟನ್ ಒತ್ತಿದರೆ ಪರದೆಯ ಮೇಲೆ ಐದು ಇಸ್ಪೀಟ್ ಎಲೆ ಬೀಳುತ್ತವೆ. ಬೇಕಾದ ಎಲೆಯ ಕೆಳಗಿನ ಬಟನ್ ಒತ್ತಿ ಅದನ್ನು ಉಳಿಸಿಕೊಳ್ಳಬೇಕು, ಬೇಡದ್ದನ್ನು ಅದೇ ದೊಡ್ಡ ಬಟನ್ ಮತ್ತೆ ಒತ್ತಿ ಬದಲಿಸಬೇಕು. ಎದುರಾಳಿಯಿಲ್ಲ, ಜಗಳವಿಲ್ಲ. ಕೆಳಗಿನ ಪುಚೊಂಗ್, ನಿಲಾಯ್ ಊರುಗಳ ಕಡೆಯಿಂದ ಶನಿವಾರ ಬೆಟ್ಟ ಹತ್ತುವ ನಮ್ಮ ಕನ್ನಡದವರು ‘ಸುಮ್ನೆ ಮಜಾಕ್ಕೆ’ ಎಂದು ಇದರ ಮುಂದೆ ಕೂರುತ್ತಾರೆ. ನಡುವೆ ಎದ್ದು ಹೋಗುವವರು ಒಂದು ಟಿಶ್ಯೂ ಪ್ಯಾಕೆಟ್ ಇಟ್ಟು ಹೋಗುತ್ತಾರೆ. ಪ್ಯಾಕೆಟ್ ಇದ್ದರೆ ಮೆಷಿನ್ ಬೇರೆಯವರದ್ದು ಎಂದರ್ಥ. ವಿನೋದಾ ಅದನ್ನೆತ್ತಿ, ಒರೆಸಿ, ಇದ್ದಲ್ಲೇ ಇಡುತ್ತಾರೆ.

ಅವರ ಬೆರಳುಗಳಿಗೆ ಈ ನಾಜೂಕು ಶಿಡ್ಲಘಟ್ಟದಲ್ಲೇ ಬಂದದ್ದು. ಹದಿನಾಲ್ಕನೇ ವಯಸ್ಸಿಗೆ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ನಿಂತವರು. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯನ್ನು ಬೆರಳಲ್ಲೇ ಹುಡುಕಿ ಎತ್ತುತ್ತಿದ್ದರು. ಗಂಡ ರಮಾನಂದ ಪುಚೊಂಗ್‌ನ ಮೆಸ್ಸೊಂದರಲ್ಲಿ ಅಡುಗೆಗೆ ಸೇರಿದಾಗ ಇವರೂ ಬಂದರು. ಕೊರೋನಾ ಕಾಲದಲ್ಲಿ ಮೆಸ್ ಮುಚ್ಚಿತು. ಈಗ ಮದುವೆ, ನಾಮಕರಣ ಇದ್ದರೆ ರಮಾನಂದರಿಗೆ ಕೆಲಸ. ಉಳಿದಂತೆ ಮನೆ ನಡೆಯುವುದು ಇವರಿಂದ. “ಅಲ್ಲೂ ನಿಂತೆ, ಇಲ್ಲೂ ನಿಂತೆ. ಅಲ್ಲಿ ಬಿಸಿನೀರು, ಇಲ್ಲಿ ಏಸಿ, ಅಷ್ಟೇ” ಎನ್ನುತ್ತಾರೆ, ಮಂಡಿ ಒತ್ತಿಕೊಳ್ಳುತ್ತಾ.

ಹೋದ ತಿಂಗಳ ಒಂದು ಭಾನುವಾರ, ಹೀಗೇ ಬೆಳಗಿನ ಹೊತ್ತು. ಮೆಷಿನ್ ಮುಂದೆ ಆಡುತ್ತಾ ಕೂತಿದ್ದ ತ್ರಿವಿಕ್ರಮ ಎಂಬ ಸಾಫ್ಟ್‌ವೇರ್ ಕೆಲಸದವರಿಗೆ ಹಸಿವಾಯಿತು. ವಿನೋದಾ ಕನ್ನಡದವರೆಂದು ಅವರಿಗೆ ಗೊತ್ತು. ಜೇಬಲ್ಲಿ ಟಿಶ್ಯೂ ಇರಲಿಲ್ಲ. “ಅಕ್ಕಾ, ಐದು ನಿಮಿಷ ಕೂತಿರಿ, ರೊಟಿ ಚನಾಯ್ ತಿಂದು ಬಂದ್ಬಿಡ್ತೀನಿ” ಎಂದರು. ಕೂರಬಾರದು ಸ್ವಾಮಿ ಎಂದರೂ ಕೇಳಲಿಲ್ಲ. ಅತಿಥಿಗಳ ಮಾತು ಮೀರಬಾರದು ಎಂಬುದೂ ಗುತ್ತಿಗೆಯವರದೇ ನಿಯಮ. ವಿನೋದಾ ಕೂತರು.

ಐದು ನಿಮಿಷ ಇಪ್ಪತ್ತೈದಾಯಿತು. ಕೈ ಸುಮ್ಮನಿರಲಿಲ್ಲ, ಕೂತಲ್ಲೇ ಬಟನ್ ಒರೆಸಿದರು. ಹದಿಮೂರು ವರ್ಷ ನಿಂತು, ಮೇಲಿನಿಂದ ನೋಡಿ ಒರೆಸಿದ ಕೈ ಅದು. ಕೂತು ಒರೆಸಿದ್ದು ಅದೇ ಮೊದಲು. ಐದನೇ ಬಟನ್ ಎಲ್ಲಿ ಮುಗಿಯಿತೆಂದು ಕೈಗೆ ತಿಳಿಯಲಿಲ್ಲ, ಬಟ್ಟೆ ದೊಡ್ಡ ಬಟನ್ನಿನ ಮೇಲೆ ಹಾದುಹೋಯಿತು. ಒಳಗೆ ತ್ರಿವಿಕ್ರಮರ ದುಡ್ಡಿತ್ತು. ಪರದೆಯ ಮೇಲೆ ಐದು ಎಲೆ ಬಿದ್ದವು.

ತ್ರಿವಿಕ್ರಮ ಬಂದು ನೋಡಿ ನಕ್ಕರು. “ಏನಕ್ಕಾ, ನಾನಿಲ್ದಾಗ ಒಂದು ಕೈ ಆಡೇಬಿಟ್ರಾ?” ತಮಾಷೆಗೆ ಅಂದದ್ದು. ಆದರೆ ಚಾವಣಿಯ ಕ್ಯಾಮೆರಾಗೆ ತಮಾಷೆ ಗೊತ್ತಿಲ್ಲ.

ನಾಲ್ಕನೇ ದಿನ ಗುತ್ತಿಗೆಯವರಿಂದ ಕಾಗದ ಬಂತು, ಇಂಗ್ಲಿಷ್‌ನಲ್ಲಿ ಒಂದು, ಮಲಯ್‌ನಲ್ಲಿ ಒಂದು. ಮೇಲ್ವಿಚಾರಕಿ ಕಲೈಸೆಲ್ವಿ ಅದನ್ನು ತಮಿಳಿನಲ್ಲಿ ಓದಿ ಹೇಳಿದರು: ಕೆಲಸದ ವೇಳೆಯಲ್ಲಿ ಅತಿಥಿಯ ಕುರ್ಚಿಯಲ್ಲಿ ಕೂತು ಜೂಜಾಡಿದ್ದೇನೆ, ತಪ್ಪಾಯಿತು. ಕೆಳಗೆ ಸಹಿಗೆ ಜಾಗ. ಸಹಿ ಹಾಕಿದರೆ ಎಚ್ಚರಿಕೆಯಷ್ಟೇ, ಕೆಲಸ ಉಳಿಯುತ್ತದೆ. ಹಾಕದಿದ್ದರೆ ತಿಂಗಳ ಕೊನೆಗೆ ಕೆಲಸದ ಪರ್ಮಿಟ್ ಮುಂದುವರಿಸುವುದಿಲ್ಲ. ಗಡುವು ನಾಳೆ, ಸೋಮವಾರ.

ವಿನೋದಾ ಸಹಿ ಹಾಕಿಲ್ಲ. ಮುಂದಿನ ಸಲ ಬಂದಾಗ ತ್ರಿವಿಕ್ರಮರನ್ನು ಒಂದೇ ಒಂದು ಸಹಾಯ ಕೇಳಿದರು: ಕೂರಿಸಿದ್ದು ನಾನೇ ಎಂದು ಎರಡು ಸಾಲು ಬರೆದುಕೊಡಿ. ಅವರು ಅತ್ತಿತ್ತ ನೋಡಿದರು. ಮೆಲಾಕಾದಲ್ಲಿ ಆಫೀಸ್ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಬಂದವರಂತೆ. “ನನ್ನ ಹೆಸರು ಬೇಡ ಅಕ್ಕಾ. ಸೈನ್ ಹಾಕ್ಬಿಡಿ, ಬರೀ ಫಾರ್ಮಾಲಿಟಿ ಲಾ” ಎಂದು ಮಲಯ್ ಧಾಟಿಯಲ್ಲಿ ಸಲಹೆ ಕೊಟ್ಟು, ಮತ್ತೆ ಅದೇ ಕುರ್ಚಿಯಲ್ಲಿ ಕೂತು ಆಟ ಮುಂದುವರಿಸಿದರು. ಆ ಕುರ್ಚಿಯನ್ನು ಅವರಿಗಾಗಿ ಒರೆಸಿಕೊಟ್ಟದ್ದೂ ವಿನೋದಾ ಅವರೇ.

“ಅವರು ರಾತ್ರಿಯೆಲ್ಲಾ ಒತ್ತಿದ್ರೆ ಮಜಾ. ನನ್ನ ಬಟ್ಟೆ ತಾಕಿದ್ರೆ ಜೂಜು” ಎನ್ನುತ್ತಾರೆ ವಿನೋದಾ. ದನಿ ಏರುವುದಿಲ್ಲ. ಏರಬೇಕಾದದ್ದು ನಮ್ಮದು. ವಾರಕ್ಕೊಮ್ಮೆ ಹೋಗಿ, ಕ್ಲೀನ್ ಇದೆ ಎಂದು ಹೊಗಳಿ ಬರುವ ನಮ್ಮದು. ಒಬ್ಬ ಹೆಂಗಸಿನ ಮಂಡಿಗೆ ಒಂದು ಸ್ಟೂಲ್ ಕೊಡದವರು, ಆಕೆ ಆಡಿದಳೆಂದು ಆಕೆಯ ಕೈಯಲ್ಲೇ ಬರೆಸಿಕೊಳ್ಳಲು ಎರಡು ಭಾಷೆಯ ಕಾಗದ ತಯಾರಿಸುತ್ತಾರೆ. ಇದನ್ನು ಶಿಸ್ತು ಎಂದು ಕರೆಯಲು ನಾಚಿಕೆಯಾಗಬೇಕು.

ಹಾಕಿಬಿಡು, ಊಟ ಮುಖ್ಯ ಎಂದು ರಮಾನಂದರೂ ಹೇಳಿ ನೋಡಿದ್ದಾರೆ. “ಇವರಪ್ಪ ಇಸ್ಪೀಟಲ್ಲಿ ಮನೆ ಕಳೆದೋರು. ಹಾಗಿದ್ದೂ ಹಾಕು ಅಂತಾರೆ” ಎಂದು ವಿನೋದಾ ಗಂಡನನ್ನು ಆಡಿಕೊಂಡು ನಗುತ್ತಾರೆ. ಮರುಗಳಿಗೆ ನಗು ನಿಲ್ಲುತ್ತದೆ. “ಕೂತಿದ್ದೆ ಅಂತ ಬರೀಲಿ. ನಿಜ ಅದು, ಹಾಕ್ತೀನಿ. ಆಡಿದೆ ಅಂದ್ರೆ ಹಾಕಲ್ಲ.”

ಹಾಗೆ ಬರೆದುಕೊಡುವವರು ಸಿಗದೆ, ನಿನ್ನೆ ತಾವೇ ಬರೆದಿದ್ದಾರೆ. ಅಂಗಿಯ ಜೇಬಿನಿಂದ ಕಾಗದ ತೆಗೆದು ಬಿಡಿಸುತ್ತಾರೆ. ಇಂಗ್ಲಿಷ್ ಸಾಲುಗಳ ಕೆಳಗೆ, ಸಹಿಯ ಜಾಗದಲ್ಲಿ, ಶಿಡ್ಲಘಟ್ಟದ ಶಾಲೆಯಲ್ಲಿ ಕಲಿತ ದುಂಡು ಅಕ್ಷರ: ‘ಮಂಡಿ ನೋವಿತ್ತು. ಕೂರು ಅಂದರು, ಕೂತೆ. ಆಡಲಿಲ್ಲ. ವಿನೋದಾ.’

ಗುತ್ತಿಗೆಯವರಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ಕೇಳಿದರೆ, ಕಾಗದ ಮಡಚಿ ಜೇಬಿಗಿಟ್ಟು ಮುಂದಿನ ಮೆಷಿನ್ನಿನ ಕಡೆ ನಡೆಯುತ್ತಾರೆ.

“ಓದೋಕೆ ಬರದಿದ್ರೆ ಯಾರ ಹತ್ರಾನಾದ್ರೂ ಓದಿಸ್ಕೊಳ್ಲಿ. ಅವರ ಕಾಗದ ನಾನೂ ಹಾಗೇ ಅಲ್ವಾ ಓದಿಸ್ಕೊಂಡಿದ್ದು?”